ತಂಪು ಸೂರು ನಮ್ಮ ಹಕ್ಕು: ಕಲ್ಯಾಣ ಕರ್ನಾಟಕದ ಹೊಸ ಮನೆಗಳಿಗಾಗಿ ಹಕ್ಕೊತ್ತಾಯ ಪತ್ರ

ಇವರಿಗೆ:
ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ
ಮಾನ್ಯ ವಸತಿ ಸಚಿವರು, ಮಾನ್ಯ ಇಂಧನ ಸಚಿವರು, ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು
ಅಧ್ಯಕ್ಷರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ
ವ್ಯವಸ್ಥಾಪಕ ನಿರ್ದೇಶಕರು, ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಬೆಂಗಳೂರು

ಮೂಲಕ: ಏಳೂ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳು

ಇವರಿಂದ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ವಸತಿ ಯೋಜನೆ ಫಲಾನುಭವಿಗಳು, ಹೊಸ ಮನೆ ಕಟ್ಟಲು ಹೊರಟ ಕುಟುಂಬಗಳು ಮತ್ತು ಗೌಂಡಿಗಳು

ವಿಷಯ: ನಮ್ಮ ಭಾಗದಲ್ಲಿ ಬಿಸಿಲು ತಡೆಯುವ, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಮನೆಗಳನ್ನೇ ಕಟ್ಟಿಸುವ ಬಗ್ಗೆ

ಮಾನ್ಯರೇ,

ಏಪ್ರಿಲ್ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಉದ್ಯೋಗ ಖಾತ್ರಿ ಕೂಲಿಕಾರರಿಗೆ ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಸಿಗುತ್ತ ಬಂದಿದೆ. ಈ ಬಿಸಿಲು ಸಾಮಾನ್ಯದ್ದಲ್ಲ ಎಂದು ಸರ್ಕಾರವೇ ಒಪ್ಪಿದೆ ಎಂಬುದಕ್ಕೆ ಇವೆರಡೂ ಸಾಕ್ಷಿ. ಅದಕ್ಕೆ ನಾವು ಕೃತಜ್ಞರು. ಆದರೆ ಕಚೇರಿ ಬಿಟ್ಟ ನೌಕರ, ಕೆಲಸ ಮುಗಿಸಿದ ಕೂಲಿಕಾರ ಇಬ್ಬರೂ ಹೋಗಿ ಸೇರುವುದು ಮನೆಗೆ. ಆ ಮನೆಯನ್ನು ಕಟ್ಟಿಸುವಾಗ ಮಾತ್ರ ಬಿಸಿಲಿನ ಲೆಕ್ಕವನ್ನು ಯಾರೂ ಹಿಡಿಯುತ್ತಿಲ್ಲ.

ವಸತಿ ಯೋಜನೆಯ ಮನೆಯೊಳಗೆ ಮೇ ತಿಂಗಳ ಒಂದು ದಿನ ಹೇಗೆ ಕಳೆಯುತ್ತದೆ ಎಂದು ತಾವು ತಿಳಿಯಬೇಕು. ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆ, ಪಕ್ಕದಲ್ಲಿ ಅಡುಗೆಮನೆ, ಹಿಂದೆ ಬಚ್ಚಲು. ತಲೆಯ ಮೇಲೆ ಐದಿಂಚಿನ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ಏನೂ ಇಲ್ಲ. ಗೋಡೆ ಆರಿಂಚಿನ ಸಿಮೆಂಟ್ ಬ್ಲಾಕಿನದು. ಇರುವ ಒಂದೇ ಕಿಟಕಿ ಪಡುವಣಕ್ಕಿದೆ, ಅದಕ್ಕೆ ಸಜ್ಜಾ ಇಲ್ಲ. ಬೆಳಗಿನಿಂದಲೇ ಸ್ಲ್ಯಾಬು ಕಾಯತೊಡಗುತ್ತದೆ. ಸಂಜೆ ಹೊರಗೆ ಗಾಳಿ ತಣ್ಣಗಾಗುವ ಹೊತ್ತಿಗೆ, ಹಗಲೆಲ್ಲ ಕುಡಿದ ಕಾವನ್ನು ಅದು ಒಳಗೆ ಇಳಿಸಲು ಶುರು ಮಾಡುತ್ತದೆ. ರಾತ್ರಿ ಹತ್ತು ಗಂಟೆಗೆ ಪಡುವಣ ಗೋಡೆಗೆ ಅಂಗೈ ಇಟ್ಟರೂ ಬಿಸಿ ತಾಕುತ್ತದೆ. ಫ್ಯಾನು ಸ್ಲ್ಯಾಬಿನಡಿಯ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಗಂಡಸರು ಅಂಗಳಕ್ಕೋ ರಸ್ತೆ ಬದಿಗೋ ಹಾಸಿಗೆ ಒಯ್ಯುತ್ತಾರೆ. ಬಾಣಂತಿ, ಹಸುಗೂಸು, ವಯಸ್ಸಿಗೆ ಬಂದ ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಒಳಗೇ ಬೇಯುತ್ತಾರೆ.

ಇದಕ್ಕೆ ಕಾರಣ ನೇರವಾಗಿದೆ. ನಮ್ಮ ಜಿಲ್ಲೆಗಳು ಇರುವ ಅಕ್ಷಾಂಶದಲ್ಲಿ ಮೇ ತಿಂಗಳ ಮೊದಲೆರಡು ವಾರಗಳಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ರಾಯಚೂರು, ಕಲಬುರಗಿಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದೂ ಅದೇ ದಿನಗಳಲ್ಲಿ. ಆಗ ಬಿಸಿಲಿನ ಹೊಡೆತವನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಛಾವಣಿ. ಆಮೇಲಿನದು ಪಡುವಣ ಗೋಡೆ. ಒಂದೇ ಅಂತಸ್ತಿನ ಚಿಕ್ಕ ಮನೆಗೆ ಇದರಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಒಂದೂವರೆ ಎರಡು ಅಡಿ ದಪ್ಪದ ಕಲ್ಲಿನ ಗೋಡೆ ಎಬ್ಬಿಸಿ, ಫರ್ಸಿ ಹಾಸಿ, ಅದರ ಮೇಲೆ ಮಣ್ಣು ಹೊದಿಸುತ್ತಿದ್ದರು. ರಾಯಚೂರು, ಕೊಪ್ಪಳದ ಕಡೆ ಜಂತಿಯ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮಾಳಿಗೆ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ಮಲಗಿ ಎದ್ದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಆ ಮನೆಗಳಿಗೆ ಕುಂದುಗಳೂ ಇದ್ದವು. ಮಳೆಗಾಲದಲ್ಲಿ ಸೋರುತ್ತಿದ್ದವು, ವರ್ಷವರ್ಷ ಮಣ್ಣು ಹಾಕಬೇಕಿತ್ತು, ಒಳಗೆ ಬೆಳಕು ಸಾಲುತ್ತಿರಲಿಲ್ಲ, ಅತಿವೃಷ್ಟಿಯಲ್ಲಿ ಕುಸಿದು ಜೀವ ತೆಗೆದದ್ದೂ ಇದೆ. ಅದಕ್ಕೇ ಜನ ಆರ್‌ಸಿಸಿ ಬಯಸಿದರು. ನಾವು ಹಳೆಯ ಮನೆಗೆ ಮರಳುವ ಮಾತಾಡುತ್ತಿಲ್ಲ. ಮಾಳಿಗೆಯ ತಂಪನ್ನೂ ಸ್ಲ್ಯಾಬಿನ ಗಟ್ಟಿತನವನ್ನೂ ಒಂದೇ ಸೂರಿನಡಿ ತರಲು ಇಂದು ಸಾಧ್ಯವಿದೆ. ಅದನ್ನೇ ಕೇಳುತ್ತಿದ್ದೇವೆ.

ಇದು ವಿದ್ಯುತ್ತಿನ ಪ್ರಶ್ನೆಯೂ ಹೌದು. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರ 1,720 ಮೆಗಾವಾಟ್, ಯರಮರಸ್ 1,600 ಮೆಗಾವಾಟ್, ಕುಡತಿನಿಯ ಬಳ್ಳಾರಿ ಕೇಂದ್ರ 1,700 ಮೆಗಾವಾಟ್ ಸಾಮರ್ಥ್ಯದವು. ನಾಡಿನ ಕಲ್ಲಿದ್ದಲು ವಿದ್ಯುತ್ತಿನ ಹೊಗೆ, ಬೂದಿಯ ದೊಡ್ಡ ಪಾಲು ನಮ್ಮ ಹೊಲಗಳ ಮೇಲೇ ಬೀಳುತ್ತಿದೆ. ಕಾಯುವ ಮನೆ ಕಟ್ಟಿ, ಅದನ್ನು ತಣಿಸಲು ಇನ್ನಷ್ಟು ಕಲ್ಲಿದ್ದಲು ಸುಡುವುದು ಯಾರಿಗೂ ಲಾಭವಿಲ್ಲದ ದಾರಿ. ಇಂದು ಹಾಕಿದ ಸ್ಲ್ಯಾಬು ನಾಲ್ಕೈದು ದಶಕ ಇರುತ್ತದೆ. ಆ ಮನೆಯ ವಿದ್ಯುತ್ ಖರ್ಚು ಎಷ್ಟಾಗಬೇಕು ಎಂಬುದು ಬಹುಪಾಲು ಸ್ಲ್ಯಾಬು ಹಾಕಿದ ದಿನವೇ ತೀರ್ಮಾನವಾಗಿಬಿಡುತ್ತದೆ.

ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ಸರ್ಕಾರದ ಮುಂದಿಡುತ್ತಿದ್ದೇವೆ.

ಅ. ಛಾವಣಿ

1. ಬಿಸಿಲು ತಡೆಯುವ ಹೊದಿಕೆಯಿಲ್ಲದ ಛಾವಣಿಗೆ ಸಾರ್ವಜನಿಕ ಹಣ ಕೊಡಬಾರದು.
ಪ್ರಧಾನಮಂತ್ರಿ ಆವಾಸ್ ಯೋಜನೆ, ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆ, ಹೀಗೆ ಯಾವ ಹೆಸರಿನ ಮನೆಯಾದರೂ ಸರಿ, ಏಳು ಜಿಲ್ಲೆಗಳಲ್ಲಿ ಸ್ಲ್ಯಾಬಿನ ಮೇಲೆ ಶಾಖ ತಡೆಯುವ ಒಂದು ಪದರ ಕಡ್ಡಾಯವಾಗಬೇಕು. ಆಯ್ಕೆ ಮನೆಯವರದು. ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆಯ ದಪ್ಪ ಹಾಸು ಆಗಬಹುದು. ಚಿಕ್ಕ ಮಡಕೆಗಳನ್ನು ಸಾಲಾಗಿ ಬೋರಲಿಟ್ಟು, ಸಂದಿಗೆ ಗಾರೆ ತುಂಬಿ, ಮೇಲೆ ಸಮ ಮಾಡುವ ಕ್ರಮವಾಗಬಹುದು. ಮಡಕೆಯೊಳಗೆ ನಿಂತ ಗಾಳಿಯೇ ಅಲ್ಲಿ ಶಾಖಕ್ಕೆ ತಡೆ, ಕೆಲಸ ಕುಂಬಾರರಿಗೂ ಸಿಗುತ್ತದೆ. ಪೇಟೆಯಲ್ಲಿ ಸಿಗುವ ಉಷ್ಣನಿರೋಧಕ ಹಲಗೆ ಹಾಸಿ ಅದರ ಮೇಲೆ ಕಾಂಕ್ರೀಟ್ ಪದರ ಕೊಡುವುದೂ ಆಗಬಹುದು. ಇದಾವುದೂ ಹೊಸ ಸಂಶೋಧನೆಯಲ್ಲ, ಅಂದಾಜುಪಟ್ಟಿಯಲ್ಲಿ ಬರೆಯದೆ ಬಿಟ್ಟಿರುವುದಷ್ಟೇ ಕೊರತೆ.

2. ಪ್ರತಿ ಹೊಸ ಛಾವಣಿಯ ಮೇಲ್ಮೈ ಬಿಳಿಯಾಗಿರಬೇಕು.
ಬರಿಯ ಸಿಮೆಂಟಿನ ಮೇಲ್ಮೈ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಬಿಳಿ ಮೇಲ್ಮೈ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಸುಣ್ಣ, ಬಿಳಿ ಸಿಮೆಂಟ್, ಬಿಳಿ ಹೆಂಚಿನ ಚೂರು, ತಂಪು ಛಾವಣಿಯ ಬಣ್ಣ, ಕೈಗೆಟುಕುವುದು ಯಾವುದಾದರೂ ಆದೀತು. ಅಹಮದಾಬಾದ್ ನಗರ 2013ರಲ್ಲೇ ಬಿಸಿಲ ಕ್ರಿಯಾಯೋಜನೆ ರೂಪಿಸಿ, ಮುಂದೆ ಕೊಳೆಗೇರಿಗಳ ಛಾವಣಿಗೆ ಬಿಳಿ ಬಣ್ಣ ಬಳಿಸಿತು. ನಮ್ಮ ಗಡಿಯಾಚೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿಯನ್ನೇ ತಂದಿತು. ಅದೇ ಬಿಸಿಲು ಗಡಿಯ ಈಚೆಗೂ ಇದೆ. ಕರ್ನಾಟಕಕ್ಕೂ ಅಂಥ ನೀತಿ ಬೇಕು, ಅದು ಈ ಏಳು ಜಿಲ್ಲೆಗಳಿಂದ ಆರಂಭವಾಗಬೇಕು.

3. ಛಾವಣಿಗೆ ಮೆಟ್ಟಿಲು ಮತ್ತು ಸುತ್ತಗೋಡೆ ಕೊಡಿ.
ಬೇಸಿಗೆಯಲ್ಲಿ ನಮ್ಮ ಜನ ಮಲಗಲು ಬಯಸುವುದು ಮಾಳಿಗೆಯ ಮೇಲೆ. ಯೋಜನೆಯ ಮನೆಗಳ ನಕ್ಷೆಯಲ್ಲಿ ಸಾಮಾನ್ಯವಾಗಿ ಮೆಟ್ಟಿಲೂ ಇರುವುದಿಲ್ಲ, ಸುತ್ತಗೋಡೆಯೂ ಇರುವುದಿಲ್ಲ. ಏಣಿ ಹಾಕಿ ಹತ್ತಬೇಕು, ನಿದ್ದೆಗಣ್ಣಿನಲ್ಲಿ ಇಳಿಯಬೇಕು. ಮುದುಕರು, ಗರ್ಭಿಣಿಯರು ಹತ್ತಲಾರರು, ಮಕ್ಕಳನ್ನು ಮಲಗಿಸಲು ಧೈರ್ಯ ಸಾಲದು. ಮೆಟ್ಟಿಲನ್ನು ಪಡುವಣ ಗೋಡೆಗೆ ಒತ್ತಿ ಕಟ್ಟಿದರೆ ಆ ಗೋಡೆಗೆ ನೆರಳೂ ಸಿಗುತ್ತದೆ.

ಆ. ಗೋಡೆ, ಕಿಟಕಿ, ನಿವೇಶನ

4. ಬೆಂಗಳೂರಿಗೆ ಒಂದು, ನಮಗೆ ಒಂದು ನಕ್ಷೆ ಇರಲಿ.
ಬೆಂಗಳೂರು ಸಮಶೀತೋಷ್ಣ ಹವೆಯ ಊರು. ಅಲ್ಲಿ ಸಾಕಾಗುವ ಗೋಡೆ, ಕಿಟಕಿ, ಛಾವಣಿ ರಾಯಚೂರಿಗೆ ಸಾಲವು. ನಮ್ಮ ಜಿಲ್ಲೆಗಳಿಗೆ ಬೇರೆಯದೇ ಮಾದರಿ ನಕ್ಷೆಗಳನ್ನು ವಸತಿ ನಿಗಮ ಸಿದ್ಧಪಡಿಸಬೇಕು. 20x30 ಅಡಿ ಮತ್ತು 30x40 ಅಡಿ ನಿವೇಶನಗಳಿಗೆ, ನಾಲ್ಕೂ ದಿಕ್ಕಿನ ರಸ್ತೆಗೆ ಹೊಂದುವ ಹಾಗೆ ನಕ್ಷೆ ಬರೆಸಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಬೇಕು. ಬಚ್ಚಲು, ಮೆಟ್ಟಿಲು, ಸಾಮಾನಿನ ಕೋಣೆ ಪಡುವಣಕ್ಕೆ ಬಂದರೆ ಮಲಗುವ ಕೋಣೆಗೆ ಸಂಜೆಯ ಬಿಸಿಲು ತಾಕುವುದಿಲ್ಲ. ದಿನದ ಹೆಚ್ಚು ಹೊತ್ತು ಮನೆಯಲ್ಲಿ ದುಡಿಯುವ ಹೆಂಗಸರ ಮಾತು ಕೇಳಿಯೇ ನಕ್ಷೆ ಅಂತಿಮಗೊಳ್ಳಬೇಕು.

5. ಎದುರುಬದುರು ಕಿಟಕಿ, ಪ್ರತಿ ಕಿಟಕಿಗೂ ಸಜ್ಜಾ, ಸೊಳ್ಳೆ ಜಾಲರಿ ಕಡ್ಡಾಯವಾಗಲಿ.
ನಮ್ಮ ಒಣ ಬಿಸಿಲಿನಲ್ಲಿ ಕಿಟಕಿ ಬಳಸುವ ಕ್ರಮವೇ ಬೇರೆ. ಹಗಲು ಮುಚ್ಚಬೇಕು, ಕತ್ತಲಾದ ಮೇಲೆ ತೆರೆಯಬೇಕು. ಆಗ ಮಾತ್ರ ರಾತ್ರಿಯ ತಣ್ಣನೆ ಗಾಳಿ ಹೊಕ್ಕು ಗೋಡೆಯ ಕಾವು ಇಳಿಯುತ್ತದೆ. ಆದರೆ ಕಳ್ಳರ ಭಯ, ಸೊಳ್ಳೆಯ ಕಾಟದಿಂದ ರಾತ್ರಿ ಕಿಟಕಿ ಮುಚ್ಚಿಯೇ ಮಲಗುತ್ತೇವೆ. ಆದ್ದರಿಂದ ಕಬ್ಬಿಣದ ಸರಳು ಮತ್ತು ಜಾಲರಿ ಎರಡೂ ಅಂದಾಜುಪಟ್ಟಿಯಲ್ಲೇ ಸೇರಬೇಕು. ಒಂದು ಗೋಡೆಯಲ್ಲಿ ತಗ್ಗಿಗೆ ಕಿಟಕಿ, ಎದುರು ಗೋಡೆಯಲ್ಲಿ ಎತ್ತರಕ್ಕೆ ಗವಾಕ್ಷಿ ಇಟ್ಟರೆ ಬಿಸಿಗಾಳಿ ಮೇಲಿನಿಂದ ಹೊರಹೋಗುತ್ತದೆ. ಒಣ ಬಿಸಿಲಿನ ವಲಯದ ಮನೆಯಲ್ಲಿ ನೆಲದ ವಿಸ್ತೀರ್ಣದ ಶೇ 10ರಷ್ಟು ತೆರೆಯಬಲ್ಲ ಜಾಗವಿರಬೇಕು ಎಂದು ವಸತಿ ಕಟ್ಟಡಗಳ ಇಂಧನ ಸಂರಕ್ಷಣೆಗಾಗಿ ಕೇಂದ್ರ 2018ರಲ್ಲಿ ತಂದ ‘ಇಕೋ ನಿವಾಸ್ ಸಂಹಿತೆ’ ಹೇಳುತ್ತದೆ. 25 ಚದರ ಮೀಟರ್ ಮನೆಗೆ ಇದರ ಅರ್ಥ, ಮೂರಡಿ ಚೌಕದ ಮೂರು ಕಿಟಕಿ. ಅಷ್ಟನ್ನಾದರೂ ಕೊಡಿ.

6. ಗೋಡೆಗೆ ಸ್ಥಳೀಯ ಸಾಮಗ್ರಿ ಸಿಗುವಂತೆ ಮಾಡಿ.
ಗಟ್ಟಿ ಸಿಮೆಂಟ್ ಬ್ಲಾಕು ಬೇಗ ಕಟ್ಟಲು ಅನುಕೂಲ, ಆದರೆ ಅದೇ ದಪ್ಪದ ಇಟ್ಟಿಗೆಗಿಂತ ಬೇಗ ಕಾವು ದಾಟಿಸುತ್ತದೆ. ನಮ್ಮಲ್ಲಿ ಬೇರೆ ದಾರಿಗಳಿವೆ. ಶಹಾಬಾದ್ ಕಲ್ಲಿನ ಗಣಿಗಳ ಸುತ್ತ ಬಿದ್ದಿರುವ ತುಂಡುಗಲ್ಲು ಗೋಡೆಗೆ ಒದಗುತ್ತದೆ. ಬೀದರಿನಲ್ಲಿ ಜಂಬಿಟ್ಟಿಗೆಯಿದೆ. ರಾಯಚೂರು, ಬಳ್ಳಾರಿ ಸ್ಥಾವರಗಳ ಹಾರುಬೂದಿಯಿಂದ ಇಟ್ಟಿಗೆ ಆಗುತ್ತದೆ. ಉಷ್ಣ ಸ್ಥಾವರದ 300 ಕಿ.ಮೀ. ವ್ಯಾಪ್ತಿಯ ಕಾಮಗಾರಿಗಳಲ್ಲಿ ಹಾರುಬೂದಿಯ ಉತ್ಪನ್ನ ಬಳಸಬೇಕೆಂದು ಕೇಂದ್ರ ಪರಿಸರ ಸಚಿವಾಲಯದ ಅಧಿಸೂಚನೆಯೂ ಇದೆ. ಬೂದಿಯ ದೂಳು ಕುಡಿಯುವ ಊರುಗಳಿಗೆ ಬೂದಿ ಇಟ್ಟಿಗೆ ಸಾಗಣೆ ವೆಚ್ಚದ ದರದಲ್ಲಿ ಸಿಗಬೇಕು.
ಮಣ್ಣಿನ ಬ್ಲಾಕಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ತೆಗೆಯುವ, ಸುಡಬೇಕಿಲ್ಲದ ಮಣ್ಣಿನ ಬ್ಲಾಕುಗಳನ್ನು ನಾಡಿಗೆ ಪರಿಚಯಿಸಿತು. ಕೆಂಪು ಮಸಾರಿ ಭೂಮಿಯಿರುವ ಕಡೆ ಇವು ಉತ್ತಮ. ನಮ್ಮ ಎರೆ ಮಣ್ಣಿಗೆ ಮಾತ್ರ ಇದು ಹೊಂದದು. ಎರೆ ಮಣ್ಣು ನೀರಿಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಆದ್ದರಿಂದ ಪ್ರತಿ ತಾಲ್ಲೂಕಿನಲ್ಲಿ ಮಣ್ಣು ಪರೀಕ್ಷಿಸಿ, ಎಲ್ಲಿ ಯಾವ ಗೋಡೆ ಎಂಬ ಪಟ್ಟಿಯನ್ನು ಪಂಚಾಯಿತಿಗೆ ಕೊಡಬೇಕು.

7. ಬಡಾವಣೆ ಅಳೆಯುವಾಗಲೇ ಸೂರ್ಯನನ್ನು ನೋಡಿ.
ನಿವೇಶನ ಹಂಚುವ ಮೊದಲು ರಸ್ತೆ ಎಳೆಯುತ್ತೀರಿ. ಮನೆಗಳ ಉದ್ದ ಗೋಡೆ ಉತ್ತರ, ದಕ್ಷಿಣಕ್ಕೆ ಬರುವ ಹಾಗೆ ರಸ್ತೆ ಎಳೆದರೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಪ್ರತಿ ಹೊಸ ಬಡಾವಣೆಯಲ್ಲಿ, ವಿಶೇಷವಾಗಿ ಮನೆಗಳ ಪಡುವಣ ಬದಿಗೆ, ಬೇವು ಮತ್ತು ಹೊಂಗೆ ನೆಡಬೇಕು. ಮೂರು ವರ್ಷ ನೀರುಣಿಸುವ ಕೂಲಿಯನ್ನೂ ಯೋಜನೆಯಲ್ಲೇ ಸೇರಿಸಬೇಕು.

ಇ. ಹಣ

8. ಬಿಸಿಲ ನಾಡಿನ ಮನೆಗೆ ಹೆಚ್ಚುವರಿ ಸಹಾಯಧನ ಕೊಡಿ.
ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡಿನ ಮನೆಗೆ 1.30 ಲಕ್ಷ ರೂಪಾಯಿ ಎಂದು 2016ರಲ್ಲೇ ನಿಗದಿಯಾಯಿತು. ಗುಡ್ಡಗಾಡಿನಲ್ಲಿ ಕಟ್ಟುವ ಕಷ್ಟ ಹೆಚ್ಚು ಎಂದು ಒಪ್ಪಿದ ಮೇಲೆ, 42 ಡಿಗ್ರಿ ದಾಟುವ ಬಿಸಿಲಿನಲ್ಲಿ ಬಾಳುವ ಕಷ್ಟವನ್ನೂ ಒಪ್ಪಬೇಕು. ಕೇಂದ್ರಕ್ಕೆ ರಾಜ್ಯ ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಲಿ. ಅಲ್ಲಿಯವರೆಗೆ ರಾಜ್ಯವೇ ಹೆಚ್ಚುವರಿ ಮೊತ್ತ ಭರಿಸಲಿ. ಸಂವಿಧಾನದ 371(ಜೆ) ವಿಧಿಯಡಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಲಾಗಿತ್ತು. ಮಂಡಳಿಯ ವಾರ್ಷಿಕ ಕ್ರಿಯಾಯೋಜನೆಯಲ್ಲಿ ‘ತಂಪು ಸೂರು’ ಎಂಬ ಪ್ರತ್ಯೇಕ ಶೀರ್ಷಿಕೆ ಇರಲಿ.

9. ಎರೆ ಭೂಮಿಯ ಬುನಾದಿಗೆ ಪ್ರತ್ಯೇಕ ಹಣ ಕೊಡಿ.
ಛಾವಣಿ ಬರಿದಾಗಿ ಉಳಿಯಲು ಒಂದು ದೊಡ್ಡ ಕಾರಣ ನೆಲದೊಳಗಿದೆ. ಎರೆ ಭೂಮಿಯಲ್ಲಿ ಬುನಾದಿ ಆಳಕ್ಕೆ ಹೋಗಬೇಕು, ಗುಂಡಿಗೆ ಮೊರಂ ತುಂಬಬೇಕು, ಇಲ್ಲವಾದರೆ ಗೋಡೆ ಸೀಳುತ್ತದೆ. ಸಹಾಯಧನದ ದೊಡ್ಡ ಪಾಲು ಅಲ್ಲೇ ಹೂತುಹೋಗುತ್ತದೆ. ಸ್ಲ್ಯಾಬಿನ ಹೊತ್ತಿಗೆ ಮನೆಯವರು ಸಾಲದಲ್ಲಿರುತ್ತಾರೆ, ಹೊದಿಕೆಯ ಮಾತೇ ಏಳುವುದಿಲ್ಲ. ಮಣ್ಣಿನ ಗುಣ ನೋಡಿ ಬುನಾದಿಯ ಹಣ ನಿಗದಿ ಮಾಡಿ.

10. ಛಾವಣಿ ಹೊದಿಕೆಯನ್ನು ಬಿಲ್ಲಿನ ಒಂದು ಹಂತವನ್ನಾಗಿ ಮಾಡಿ, ದರಪಟ್ಟಿಗೆ ಸೇರಿಸಿ.
ಈಗ ಬುನಾದಿ, ಲಿಂಟಲ್, ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ ಜಿಪಿಎಸ್ ಫೋಟೊ ತೆಗೆದು ಹಣ ಬಿಡುಗಡೆ ಮಾಡುತ್ತೀರಿ. ಅದೇ ವ್ಯವಸ್ಥೆಯಲ್ಲಿ ‘ಛಾವಣಿ ಹೊದಿಕೆ ಮತ್ತು ಬಿಳಿ ಮೇಲ್ಮೈ’ ಎಂಬ ಐದನೆಯ ಹಂತ ಸೇರಲಿ. ಫೋಟೊ ಬಂದ ಹದಿನೈದು ದಿನದೊಳಗೆ ಆ ಕಂತು ಫಲಾನುಭವಿಯ ಖಾತೆಗೆ ಬೀಳಲಿ. ಜೊತೆಗೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಮಡಕೆ ಹಾಸು, ಮಣ್ಣಿನ ಬ್ಲಾಕು, ನಡುವೆ ಗಾಳಿಸಂದು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಗೋಡೆ, ಹೆಂಚು ಹುದುಗಿಸಿದ ಫಿಲ್ಲರ್ ಸ್ಲ್ಯಾಬು, ತಂಪು ಬಣ್ಣ ಇವೆಲ್ಲಕ್ಕೂ ದರ ನಮೂದಾಗಬೇಕು. ದರಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಎಂಜಿನಿಯರೂ ಅಂದಾಜಿನಲ್ಲಿ ಬರೆಯಲಾರರು. ಅಲ್ಲಿ ಒಂದು ಸಾಲು ಸೇರಿದರೆ ಸಾವಿರಾರು ಮನೆಗಳ ದಾರಿ ತೆರೆಯುತ್ತದೆ.

ಈ. ವಿದ್ಯುತ್

11. ಹೊಸ ಮನೆಯ ಜೊತೆಗೇ ಕಡಿಮೆ ವಿದ್ಯುತ್ತಿನ ಫ್ಯಾನು, ಎಲ್‌ಇಡಿ ದೀಪ ಕೊಡಿ.
ಲೆಕ್ಕ ನೋಡಿ. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನು ಅಷ್ಟೇ ಗಾಳಿಗೆ ಸುಮಾರು 30 ವ್ಯಾಟ್ ಎಳೆಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಹದಿನಾರು ಗಂಟೆ ಎರಡು ಫ್ಯಾನು ತಿರುಗಿದರೆ ಹಳೆಯವು ತಿಂಗಳಿಗೆ 72 ಯೂನಿಟ್ ತಿನ್ನುತ್ತವೆ, ಹೊಸವು 29 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಆರಂಭವಾದಾಗ, ಹಿಂದಿನ ಬಳಕೆಯ ಲೆಕ್ಕವಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10 ಸೇರಿಸಿ 58 ಯೂನಿಟ್ ಉಚಿತ ಎಂದು ಗೊತ್ತುಮಾಡಲಾಯಿತು. ಅಂದರೆ ನಮ್ಮ ಬಿಸಿಲಿನಲ್ಲಿ ಎರಡು ಹಳೆಯ ಫ್ಯಾನುಗಳೇ ಆ ಮಿತಿಯನ್ನು ದಾಟಿಬಿಡುತ್ತವೆ. ಹೊಸ ಫ್ಯಾನಾದರೆ ದೀಪ, ಟಿವಿ, ಮೊಬೈಲ್ ಚಾರ್ಜಿಗೂ ಮಿತಿಯೊಳಗೆ ಜಾಗ ಉಳಿಯುತ್ತದೆ. ಉಚಿತ ಯೂನಿಟ್ಟಿನ ಹಣ ಕೊಡುವುದು ಸರ್ಕಾರವೇ ಆದ್ದರಿಂದ ಉಳಿತಾಯ ಬೊಕ್ಕಸಕ್ಕೂ ಆಗುತ್ತದೆ. ಪ್ರತಿ ಹೊಸ ಮನೆಗೆ ಎರಡು ಬಿಎಲ್‌ಡಿಸಿ ಫ್ಯಾನು, ನಾಲ್ಕು ಎಲ್‌ಇಡಿ ದೀಪಗಳನ್ನು ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂ ಮೂಲಕ ಮೀಟರಿನ ಜೊತೆಗೇ ಕೊಡಿ.

12. ಸೌರ ಫಲಕ ಬಡವರ ಛಾವಣಿಗೂ ಬರಲಿ.
2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, ಅದಕ್ಕೂ ದೊಡ್ಡದಕ್ಕೆ ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ಉಳಿದ ಹಣ ಹೊಂದಿಸಲಾಗದ ಕುಟುಂಬಕ್ಕೆ ಇದು ಕಾಗದದ ಮೇಲಿನ ಯೋಜನೆಯಾಗಿಯೇ ಉಳಿಯುತ್ತದೆ. ವಸತಿ ಯೋಜನೆಯ ಮನೆಗೆ 1 ಕಿಲೋವ್ಯಾಟ್ ಫಲಕವನ್ನು ಪೂರ್ತಿ ಸರ್ಕಾರದ ವೆಚ್ಚದಲ್ಲಿ ಹಾಕಿಕೊಡಿ. ಸುಮಾರು ನೂರು ಚದರ ಅಡಿ ಜಾಗ ಸಾಕು. ಸ್ಲ್ಯಾಬಿನಿಂದ ಎತ್ತರಿಸಿ ಕೂರಿಸಿದ ಫಲಕ ವಿದ್ಯುತ್ತಿನ ಜೊತೆಗೆ ಛಾವಣಿಗೆ ನೆರಳೂ ಕೊಡುತ್ತದೆ. ಆದರೆ ಕ್ರಮ ತಪ್ಪಬಾರದು. ಮೊದಲು ಛಾವಣಿಯ ಹೊದಿಕೆ, ಆಮೇಲೆ ಫ್ಯಾನು, ಕೊನೆಗೆ ಫಲಕ. ಬೇಡಿಕೆ ಇಳಿದ ಮನೆಗೆ ಚಿಕ್ಕ ಫಲಕವೇ ಸಾಲುತ್ತದೆ.

ಉ. ಕಾನೂನು ಮತ್ತು ಕೌಶಲ

13. ಇಂಧನ ಸಂರಕ್ಷಣೆಯ ಸಂಹಿತೆ ಚಿಕ್ಕ ಮನೆಗೂ ಅನ್ವಯವಾಗಲಿ.
ವಸತಿ ಕಟ್ಟಡಗಳಿಗಾಗಿ ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಇಕೋ ನಿವಾಸ್ ಸಂಹಿತೆಯನ್ನು ಹೊರತಂದಿತು. ಒಳಗೂ ಹೊರಗೂ 1 ಡಿಗ್ರಿ ಅಂತರವಿದ್ದಾಗ ಛಾವಣಿಯ ಪ್ರತಿ ಚದರ ಮೀಟರಿನಿಂದ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು ಎಂದು ಅದು ಹೇಳುತ್ತದೆ. ಬರಿಯ ಆರ್‌ಸಿಸಿ ಸ್ಲ್ಯಾಬು ದಾಟಿಸುವುದು ಇದರ ಸುಮಾರು ಮೂರು ಪಟ್ಟು. ಆದರೆ 2018ರ ಆ ಸಂಹಿತೆ ಬರೆದದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. 20x30 ಅಡಿಯ ನಮ್ಮ ನಿವೇಶನ 56 ಚದರ ಮೀಟರ್. ಸಂಹಿತೆಯನ್ನು ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಮಾರ್ಪಡಿಸುವ ಅಧಿಕಾರವನ್ನು 2001ರ ಇಂಧನ ಸಂರಕ್ಷಣಾ ಕಾಯ್ದೆ ರಾಜ್ಯಗಳಿಗೆ ಕೊಟ್ಟಿದೆ, 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತಂದಿದೆ. ರಾಜ್ಯ ಸರ್ಕಾರ ಈ ಅಧಿಕಾರ ಬಳಸಿ, ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮದ (ಕೆಆರ್‌ಇಡಿಎಲ್) ಮೂಲಕ, ಸಣ್ಣ ಮನೆಗಳಿಗಾಗಿ ಒಂದೆರಡು ಪುಟದ ಸರಳ ಕನ್ನಡ ನಿಯಮಾವಳಿ ತರಲಿ. ಛಾವಣಿ, ಪಡುವಣ ಗೋಡೆ, ಕಿಟಕಿ ಈ ಮೂರಕ್ಕಷ್ಟೇ ಅದು ಸೀಮಿತವಾಗಿರಲಿ. ಲೆಕ್ಕಾಚಾರದ ಹೊರೆ ಮನೆಯವರ ಮೇಲೆ ಬೀಳದಿರಲಿ, ಪರವಾನಗಿ ತಡೆಯಲು ಇನ್ನೊಂದು ನೆಪವಾಗದಿರಲಿ.

14. ಗೌಂಡಿಗಳಿಗೆ ತರಬೇತಿ, ತರಬೇತಿಯ ದಿನಗಳಿಗೆ ಕೂಲಿ ಕೊಡಿ.
ಮನೆಯವರು ಕೇಳುವುದು ಎಂಜಿನಿಯರನ್ನಲ್ಲ, ಊರಿನ ಗೌಂಡಿಯನ್ನು. ಅವನಿಗೆ ಮಡಕೆ ಹಾಸಲು, ಫಿಲ್ಲರ್ ಸ್ಲ್ಯಾಬಿಗೆ ಕಂಬಿ ಕಟ್ಟಲು, ಸುಣ್ಣದ ಗಾರೆ ಹದ ಮಾಡಲು ಬಂದರೆ ಊರಿಗೇ ಬಂದಂತೆ. ಕಡಿಮೆ ವೆಚ್ಚದ, ಸ್ಥಳೀಯ ಸಾಮಗ್ರಿಯ ಕಟ್ಟಡ ಕಲೆಯನ್ನು ಹರಡುವುದೇ ಜಿಲ್ಲಾ ನಿರ್ಮಿತಿ ಕೇಂದ್ರಗಳ ಮೂಲ ಉದ್ದೇಶವಾಗಿತ್ತು. ಅವು ಮತ್ತೆ ಆ ಕೆಲಸ ಮಾಡಲಿ. ಕಟ್ಟಡ ಕಾಮಗಾರಿಗಳ ವೆಚ್ಚದ ಮೇಲಿನ ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಅದರಿಂದ ತರಬೇತಿಯ ದಿನಗಳ ಕೂಲಿ ಕೊಡಿ. ಗಾರೆ ಕಲೆಸುವ, ಇಟ್ಟಿಗೆ ಹೊರುವ ಹೆಣ್ಣುಮಕ್ಕಳಿಗೂ ಕರಣೆ ಹಿಡಿಯಲು ಕಲಿಸಿ, ಸಮಾನ ಕೂಲಿಗೆ ಅವರನ್ನು ಅರ್ಹರನ್ನಾಗಿಸಿ.

15. ಪ್ರತಿ ತಾಲ್ಲೂಕಿನಲ್ಲಿ ನೋಡಿ ನಂಬಲು ಒಂದು ಮನೆ ಕಟ್ಟಿ ತೋರಿಸಿ.
ಜನ ಕೈಪಿಡಿ ಓದಿ ಮನೆ ಕಟ್ಟುವುದಿಲ್ಲ, ಪಕ್ಕದವರ ಮನೆ ನೋಡಿ ಕಟ್ಟುತ್ತಾರೆ. ತಾಲ್ಲೂಕು ಕೇಂದ್ರದಲ್ಲಿ 25 ಚದರ ಮೀಟರಿನ ಎರಡು ಮನೆಗಳನ್ನು ಅಕ್ಕಪಕ್ಕ ಕಟ್ಟಿ. ಒಂದಕ್ಕೆ ಬರಿಯ ಸ್ಲ್ಯಾಬು, ಇನ್ನೊಂದಕ್ಕೆ ಹೊದಿಕೆ. ಎರಡರ ಒಳಗೂ ಉಷ್ಣಮಾಪಕ ಇಟ್ಟು ಬೇಸಿಗೆಯುದ್ದಕ್ಕೂ ಅಂಕಿಗಳನ್ನು ಬಾಗಿಲ ಮೇಲೆ ಬರೆಯಿರಿ. ಹೊಸ ಅಂಗನವಾಡಿ ಕಟ್ಟಡಗಳನ್ನೂ ಇದೇ ಕ್ರಮದಲ್ಲಿ ಕಟ್ಟಿ, ಕೂಸುಗಳು ಮಧ್ಯಾಹ್ನ ಮಲಗುವುದು ಅಲ್ಲೇ.

ಊ. ಈಗಾಗಲೇ ಕಟ್ಟಿದ ಮನೆಗಳು

16. ಮುಂದಿನ ಬೇಸಿಗೆಗೆ ಮೊದಲು ಹಳೆಯ ಸ್ಲ್ಯಾಬಿಗೆ ಸುಣ್ಣ, ತಗಡಿನ ಮನೆಗೆ ನೆರಳು ಕೊಡಿ.
ಹೊಸ ಮನೆಯ ಬೇಡಿಕೆ ಮುಂದಿಡುವಾಗ, ಕಟ್ಟಿ ಮುಗಿದ ಮನೆಗಳಲ್ಲಿ ಬೇಯುತ್ತಿರುವವರನ್ನು ಮರೆಯಲಾರೆವು. ಯೋಜನೆಗಳಡಿ ಈಗಾಗಲೇ ಕಟ್ಟಿದ ಮನೆಗಳ ಛಾವಣಿಗೆ ಪಂಚಾಯಿತಿಯೇ ಸುಣ್ಣ, ಕುಂಚ, ಕೂಲಿ ಒದಗಿಸಲಿ. ಮನೆ ಮಂಜೂರಾಗದೆ ಪತ್ರಾಸ್ ಶೆಡ್ಡುಗಳಲ್ಲಿ ಕಾಯುತ್ತಿರುವ ಕುಟುಂಬಗಳ ಪಟ್ಟಿ ಮಾಡಿ, ತಗಡಿಗೆ ಬಿಳಿ ಬಣ್ಣ ಮತ್ತು ಒಳಗೆ ಬಿದಿರು ತಟ್ಟಿಯ ಒಳಛಾವಣಿ ಹಾಕಿಸಲಿ. ಮುಂದಿನ ಹಂಚಿಕೆಯಲ್ಲಿ ಮೊದಲ ಮನೆ ಇವರಿಗೇ ಸಿಗಲಿ.

ನಮ್ಮ ಕಡೆಯ ಜವಾಬ್ದಾರಿ

ಬೇಡುವುದಷ್ಟೇ ನಮ್ಮ ಕೆಲಸವಲ್ಲ ಎಂಬ ಅರಿವು ನಮಗಿದೆ. ಬಿಳಿ ಮೇಲ್ಮೈ ದೂಳು ಹಿಡಿದರೆ ಅದರ ಗುಣ ಕುಂದುತ್ತದೆ. ಯುಗಾದಿಗೆ ಮೊದಲು ಗೋಡೆಗೆ ಸುಣ್ಣ ಬಳಿಯುವ ನಮ್ಮ ವಾಡಿಕೆಯನ್ನು ಛಾವಣಿಗೂ ಒಯ್ಯುತ್ತೇವೆ. ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆಯುತ್ತೇವೆ. ನೆಟ್ಟ ಬೇವು, ಹೊಂಗೆಗಳನ್ನು ಕಡಿಯಲು ಬಿಡುವುದಿಲ್ಲ. ಹೊದಿಕೆಗೆಂದು ಬಂದ ಕಂತನ್ನು ಬೇರೆ ಖರ್ಚಿಗೆ ತಿರುಗಿಸುವುದಿಲ್ಲ, ಅದನ್ನು ಗ್ರಾಮಸಭೆಯಲ್ಲಿ ಪರಿಶೀಲಿಸಲು ಒಪ್ಪುತ್ತೇವೆ. ನಮ್ಮ ಗೌಂಡಿಗಳು ಕಲಿತದ್ದನ್ನು ಪಕ್ಕದ ಊರಿಗೂ ಕಲಿಸುತ್ತಾರೆ.

ಕಾಲಮಿತಿ

2, 11 ಮತ್ತು 16ನೇ ಬೇಡಿಕೆಗಳು ಮುಂದಿನ ಮಾರ್ಚ್‌ನೊಳಗೆ ಈಡೇರಬೇಕು. ಇವಕ್ಕೆ ಹೊಸ ಕಾನೂನು ಬೇಕಿಲ್ಲ. ದರಪಟ್ಟಿ, ಮಾದರಿ ನಕ್ಷೆ, ಐದನೆಯ ಕಂತು ಮುಂದಿನ ಆರ್ಥಿಕ ವರ್ಷದ ಮೊದಲ ಹಂಚಿಕೆಯಿಂದಲೇ ಜಾರಿಯಾಗಬೇಕು. ಸಂಹಿತೆಯ ಮಾರ್ಪಾಡಿಗೆ ಒಂದು ವರ್ಷ ಸಾಕು. ಪ್ರಗತಿಯ ವರದಿಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಗ್ರಾಮಸಭೆಗಳಲ್ಲಿ ಓದಬೇಕು.

ಮಾನ್ಯರೇ, ಬಡವರಿಗೆ ಮನೆ ಕೊಡುವುದು ಸರ್ಕಾರದ ಹೆಮ್ಮೆಯ ಕೆಲಸ, ಅದನ್ನು ನಾವೂ ಮನಸಾರೆ ಒಪ್ಪುತ್ತೇವೆ. ಆದರೆ ಬೇಸಿಗೆಯಲ್ಲಿ ಮನೆಯವರನ್ನೇ ಹೊರಗೆ ಅಟ್ಟುವ ಕಟ್ಟಡವನ್ನು ಪೂರ್ಣಗೊಂಡ ಮನೆ ಎಂದು ಕಡತದಲ್ಲಿ ಬರೆಯುವುದು ಸರಿಯಲ್ಲ. ಈ ಏಳು ಜಿಲ್ಲೆಗಳಲ್ಲಿ ಇನ್ನು ಮುಂದೆ ಬಿಸಿಲು ತಡೆಯದ ಒಂದು ಸೂರಿಗೂ ಸಾರ್ವಜನಿಕ ಹಣ ಹೋಗಕೂಡದು. ಈ ಒಂದು ತೀರ್ಮಾನವನ್ನು ಬರುವ ಬಜೆಟ್ ಅಧಿವೇಶನದಲ್ಲಿ ಸದನದ ಮುಂದೆ ಘೋಷಿಸಬೇಕೆಂದು ಆಗ್ರಹಿಸುತ್ತೇವೆ.

ಇಂತಿ,
ಕಲ್ಯಾಣ ಕರ್ನಾಟಕದ ವಸತಿ ಯೋಜನೆ ಫಲಾನುಭವಿಗಳು, ಹೊಸ ಮನೆ ಕಟ್ಟುವ ಕುಟುಂಬಗಳು ಮತ್ತು ಗೌಂಡಿಗಳು